ಕ್ಷಯಕ್ಕೆ ಡಿಎನ್‌ಎ ಪರೀಕ್ಷೆ: ಒಂದೇ ಕಫ, ಎರಡು ಉತ್ತರ

ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತಿಗೆ ಬರುವ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ. ಇಂಥ ಲಕ್ಷಣ ಇದ್ದರೆ ವೈದ್ಯರು ಕಫ ಪರೀಕ್ಷೆಗೆ ಬರೆದುಕೊಡುತ್ತಾರೆ. ಆ ಚೀಟಿಯಲ್ಲಿ ಈಗ ‘ಟ್ರೂನ್ಯಾಟ್’ ಅಥವಾ ‘ಸಿಬಿನ್ಯಾಟ್’ ಎಂಬ ಹೆಸರು ಇರುವುದು ಸಾಮಾನ್ಯ. ಎರಡೂ ಕ್ಷಯ ರೋಗಾಣುವಿನ ಡಿಎನ್‌ಎಯನ್ನು ಹುಡುಕುವ ಪರೀಕ್ಷೆಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಇವಕ್ಕೆ ಹಣ ಕೊಡಬೇಕಾಗಿಲ್ಲ.

ಹಳೆಯ ಪದ್ಧತಿಯಲ್ಲಿ ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗಾಣು ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಇರಬೇಕು. ಅಷ್ಟಿಲ್ಲದವರ ವರದಿ ‘ನೆಗೆಟಿವ್’ ಎಂದು ಬರುತ್ತದೆ. ಅವರು ಕೆಮ್ಮಿನ ಸಿರಪ್ ಕುಡಿಯುತ್ತ ತಿಂಗಳು ಕಳೆಯುತ್ತಾರೆ. ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬಹಳ ನಿಖರ, ಆದರೆ ಅದಕ್ಕೆ ವಾರಗಟ್ಟಲೆ ಕಾಯಬೇಕು. ಡಿಎನ್‌ಎ ಪರೀಕ್ಷೆಯಲ್ಲಿ ಯಂತ್ರವು ರೋಗಾಣುವಿನ ಡಿಎನ್‌ಎಯ ಒಂದು ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುತ್ತದೆ. ಹಾಗಾಗಿ ನೂರಿನ್ನೂರು ರೋಗಾಣು ಇದ್ದರೂ ಸಿಕ್ಕಿಬೀಳುತ್ತದೆ.

ಈ ಬಗೆಯ ಮೊದಲ ಯಂತ್ರ ಜೀನ್‌ಎಕ್ಸ್‌ಪರ್ಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಸಿಬಿನ್ಯಾಟ್ ಎನ್ನುವುದು ಇದನ್ನೇ. ಅದಕ್ಕೆ ನಿಲ್ಲದ ಕರೆಂಟ್, ತಂಪಾದ ಕೋಣೆ, ಪಕ್ಕದಲ್ಲೊಂದು ಕಂಪ್ಯೂಟರ್ ಬೇಕು. ತಾಲ್ಲೂಕು ಆಸ್ಪತ್ರೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಇದು ಸುಲಭವಲ್ಲ. ಈ ಕೊರತೆಗೆ ಉತ್ತರ ಬಂದದ್ದು ನಮ್ಮ ಬೆಂಗಳೂರಿನಿಂದ. ಇಲ್ಲಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್‌ಬಯೋ ಸೇರಿ ರೂಪಿಸಿದ ಟ್ರೂನ್ಯಾಟ್ ಬ್ಯಾಟರಿಯಿಂದಲೂ ನಡೆಯುತ್ತದೆ, ಒಂದು ಮೇಜಿನ ಮೇಲೆ ಹಿಡಿಯುತ್ತದೆ. ಕಫದಿಂದ ಬೇರ್ಪಡಿಸಿದ ಡಿಎನ್‌ಎಯ ಒಂದು ಹನಿಯನ್ನು ಪುಟ್ಟ ಚಿಪ್ ಮೇಲೆ ಹಾಕಿದರೆ ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನೂ ಶಿಫಾರಸು ಮಾಡಿತು. ಅದೇ ವರ್ಷ ಕೋವಿಡ್ ಪರೀಕ್ಷೆಗೂ ಇದೇ ಯಂತ್ರ ಬಳಕೆಗೆ ಬಂತು. ಹೆಸರು ಕೇಳಿದ ನೆನಪು ಕೆಲವರಿಗೆ ಇರಬಹುದು.

ರೋಗಾಣು ಸಿಕ್ಕರೆ ಅದೇ ಡಿಎನ್‌ಎಯನ್ನು ಇನ್ನೊಂದು ಚಿಪ್‌ಗೆ ಹಾಕುತ್ತಾರೆ. ಈ ಸಲದ ಪ್ರಶ್ನೆ: ರಿಫಾಂಪಿಸಿನ್ ಕೆಲಸ ಮಾಡುತ್ತದೆಯೇ? ಆರು ತಿಂಗಳ ಕ್ಷಯ ಚಿಕಿತ್ಸೆಯ ಆಧಾರವೇ ಈ ಔಷಧಿ. ರೋಗಾಣು ಅದಕ್ಕೆ ಬಗ್ಗದಿದ್ದರೆ ಮಾಮೂಲಿ ಮಾತ್ರೆ ನುಂಗುತ್ತಲೇ ಕಾಯಿಲೆ ಬಲಿಯುತ್ತದೆ, ಮನೆಯವರಿಗೂ ಅದೇ ಹಟಮಾರಿ ಕ್ಷಯ ಹರಡಬಹುದು. ಇದು ಮೊದಲ ದಿನವೇ ತಿಳಿಯುವುದು ಈ ಪರೀಕ್ಷೆಯ ದೊಡ್ಡ ಲಾಭ. ಆದ್ದರಿಂದ ವರದಿ ಕೈಗೆ ಬಂದಾಗ ‘ಟಿಬಿ ಇದೆಯಾ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ, ‘ರಿಫಾಂಪಿಸಿನ್ ಫಲಿತಾಂಶ ಏನು’ ಎಂದೂ ಕೇಳಿ. ‘ಇಂಡಿಟರ್ಮಿನೇಟ್’ ಎಂದಿದ್ದರೆ ಉತ್ತರ ಸ್ಪಷ್ಟವಾಗಿಲ್ಲ ಎಂದರ್ಥ. ಮತ್ತೆ ಕಫ ಕೊಡಬೇಕಾಗುತ್ತದೆ.

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಡಬ್ಬಿಯಲ್ಲಿ ಬರೀ ಎಂಜಲಿದ್ದರೆ ಅದು ಏನೂ ಮಾಡಲಾರದು. ಬೆಳಿಗ್ಗೆ ಎದ್ದು, ಏನನ್ನೂ ತಿನ್ನದೆ, ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಎಲೆ-ಅಡಿಕೆ ಹಾಕುವವರು ಎರಡು ಸಲ ಮುಕ್ಕಳಿಸಿದರೆ ಒಳ್ಳೆಯದು. ಎರಡು ಮೂರು ಬಾರಿ ಆಳವಾಗಿ ಉಸಿರೆಳೆದು, ಎದೆಯ ಒಳಗಿನಿಂದ ಕೆಮ್ಮಿ, ಬಂದ ಗಟ್ಟಿ ಕಫವನ್ನು ಡಬ್ಬಿಗೆ ಹಾಕಿ. ಅರ್ಧ ಚಮಚದಿಂದ ಒಂದು ಚಮಚ ಸಾಕು. ಇದನ್ನು ಅಂಗಳದಲ್ಲೋ ಮಹಡಿಯ ಮೇಲೋ ಮಾಡಿ, ಅಡುಗೆಮನೆಯಲ್ಲಿ ಮಕ್ಕಳ ಎದುರು ಬೇಡ. ಮುಚ್ಚಳ ಬಿಗಿದು ಅಂದೇ ತಲುಪಿಸಿ. ವಯಸ್ಸಾದವರಿಗೆ ಕಫ ಬರದಿದ್ದರೆ ಸುಮ್ಮನೆ ಉಗುಳಿಸಿ ತರುವುದಕ್ಕಿಂತ ಸಿಬ್ಬಂದಿಗೆ ಹೇಳುವುದೇ ಲೇಸು, ಅವರು ಸಹಾಯ ಮಾಡುತ್ತಾರೆ.

‘ನಾಟ್ ಡಿಟೆಕ್ಟೆಡ್’ ಎಂದು ಬಂದರೂ ಕೆಮ್ಮು, ಜ್ವರ ಹಾಗೆಯೇ ಇದ್ದರೆ ವೈದ್ಯರ ಬಳಿ ಮತ್ತೆ ಹೋಗಿ. ಕುತ್ತಿಗೆಯ ಗಂಟು, ಬೆನ್ನೆಲುಬು, ಮಿದುಳಿನ ಪೊರೆಗೆ ಬಂದ ಕ್ಷಯ ಕಫದಲ್ಲಿ ಕಾಣದೇ ಇರಬಹುದು. ಆ ಜಾಗದಿಂದಲೇ ಮಾದರಿ ತೆಗೆಯಬೇಕಾಗುತ್ತದೆ. ಪುಟ್ಟ ಮಕ್ಕಳು ಕಫವನ್ನು ನುಂಗಿಬಿಡುತ್ತಾರೆ, ಹಾಗಾಗಿ ಅವರ ಹೊಟ್ಟೆಯಿಂದ ನಳಿಕೆಯ ಮೂಲಕ ಮಾದರಿ ತೆಗೆಯುವುದುಂಟು. ಸತ್ತ ರೋಗಾಣುವಿನ ಡಿಎನ್‌ಎ ಕೂಡ ಬಹುಕಾಲ ಉಳಿಯುವುದರಿಂದ, ಔಷಧಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಈ ಪರೀಕ್ಷೆ ಸಲ್ಲದು. ಅದಕ್ಕೆ ಹಳೆಯ ಸೂಕ್ಷ್ಮದರ್ಶಕ, ಕಲ್ಚರ್‌ಗಳೇ ಬೇಕು. ಹಿಂದೆ ಕ್ಷಯ ಬಂದು ವಾಸಿಯಾಗಿದ್ದರೆ ಅದನ್ನು ಮೊದಲೇ ಹೇಳಿ.

ರಕ್ತದಲ್ಲಿ ಪ್ರತಿಕಾಯ ನೋಡಿ ‘ಟಿಬಿ ಇದೆ’ ಎನ್ನುವ ಪರೀಕ್ಷೆಗಳನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಅದಕ್ಕೆ ಹಣ ಕೇಳಿದರೆ ಕೊಡಬೇಡಿ.

ಕ್ಷಯ ಖಚಿತವಾದರೆ ನಿಮ್ಮ ಹೆಸರು ‘ನಿಕ್ಷಯ್’ನಲ್ಲಿ ದಾಖಲಾಗುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೋಲ್ಕತ್ತಾದಲ್ಲಿ ಕೆಲಸದಲ್ಲಿದ್ದಾಗ ಚಿಕಿತ್ಸೆ ಶುರುವಾಗಿ ನಡುವೆ ಕಲಬುರಗಿಗೆ ಮರಳಿದರೂ ಅದೇ ದಾಖಲೆಯ ಮೇಲೆ ಔಷಧಿ ಮುಂದುವರಿಸಬಹುದು. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಇದು 500 ಇತ್ತು. ವಿಚಾರಿಸಲು ಉಚಿತ ಸಹಾಯವಾಣಿ 1800-11-6666. ಮನೆಯಲ್ಲಿ ಜೊತೆಗಿರುವ ಎಲ್ಲರ ತಪಾಸಣೆಯನ್ನೂ ಅದೇ ವಾರ ಮಾಡಿಸಿ. ಐದು ವರ್ಷದೊಳಗಿನ ಮಕ್ಕಳಿದ್ದರೆ, ಕಾಯಿಲೆ ಇಲ್ಲದಿದ್ದರೂ, ತಡೆಗಟ್ಟುವ ಔಷಧಿಯ ಬಗ್ಗೆ ಕೇಳಿ.