ಭೀಮೆಯ ಚಳಿಗಾಲದ ಲೆಕ್ಕ

ಮಳೆಗಾಲದಲ್ಲಿ ಭೀಮಾ ನದಿ ದಂಡೆ ಮೀರಿತೆಂದರೆ ಇಂಡಿ, ಸಿಂದಗಿಯ ಚಹಾದಂಗಡಿಗಳಲ್ಲೂ ಕ್ಯೂಸೆಕ್ ಮಾತೇ ಮಾತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ಹೊತ್ತಿಗೆ ಅದೇ ನದಿಯಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಕೇಳುವವರಿಲ್ಲ. ಆದರೂ ಅಳೆಯುವ ಕೆಲಸ ನಿಲ್ಲುವುದಿಲ್ಲ.

ಇಂಡಿ ಸೀಮೆಯ ಧೂಳಖೇಡದ ಆಚೆ ದಂಡೆಗೆ, ಸೊಲ್ಲಾಪುರ ಜಿಲ್ಲೆಯ ಟಾಕಳಿಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕೆಳಗೆ ಸಿಂದಗಿ ಸೀಮೆಯ ದೇವಣಗಾಂವ ಸೇತುವೆಯ ಬಳಿ ಇನ್ನೊಂದು. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ತಾಳಿಕೋಟಿಯಲ್ಲಿ ಡೋಣಿ ನದಿಯ ಹರಿವನ್ನು ಅಳೆಯಲಾಗುತ್ತದೆ.

ಪ್ರವಾಹದಲ್ಲಿ ಸೇತುವೆಯಿಂದಲೋ ದೋಣಿಯಿಂದಲೋ ಇಳಿಬಿಡುವ, ನೀರಿನ ವೇಗ ಅಳೆಯುವ ಕರೆಂಟ್ ಮೀಟರನ್ನು ಚಳಿಗಾಲದಲ್ಲಿ ಕೈಯಲ್ಲೇ ಹಿಡಿದು ನೀರಿಗಿಳಿಯಬಹುದು. ದಂಡೆಯಿಂದ ದಂಡೆಗೆ ಹಗ್ಗ ಕಟ್ಟಿ, ನದಿಯ ಅಗಲವನ್ನು ಹಲವು ಭಾಗ ಮಾಡಿ, ಪ್ರತಿಯೊಂದರಲ್ಲೂ ಆಳ ಮತ್ತು ವೇಗ ನೋಡುತ್ತಾರೆ. ತಳಕ್ಕೆ ತಾಗಿದ ನೀರು ಕಲ್ಲು-ಮರಳಿಗೆ ಉಜ್ಜಿಕೊಂಡು ನಿಧಾನವಾಗುತ್ತದೆ, ಮೇಲಿನದು ಬೇಗ ಓಡುತ್ತದೆ. ಆದ್ದರಿಂದ ಆಳ ಕಡಿಮೆಯಿದ್ದಲ್ಲಿ ಮೀಟರನ್ನು ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಹಿಡಿಯುತ್ತಾರೆ. ಸರಾಸರಿ ವೇಗ ಅಲ್ಲಿ ಸಿಗುತ್ತದೆ. ನೀರು ಆಳವಿದ್ದರೆ ಹತ್ತರಲ್ಲಿ ಎರಡು ಮತ್ತು ಎಂಟು ಪಾಲಿನಲ್ಲಿ ಎರಡು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಮೀಟರಿನ ಬಟ್ಟಲುಗಳು ಎಷ್ಟು ಸುತ್ತು ತಿರುಗಿದವು ಎಂಬುದರಿಂದ ವೇಗ ಗೊತ್ತಾಗುತ್ತದೆ. ಅಗಲ, ಆಳ, ವೇಗ ಗುಣಿಸಿ ಎಲ್ಲ ಭಾಗಗಳನ್ನು ಕೂಡಿಸಿದರೆ ಹರಿವು.

ದಿನವೂ ಇಷ್ಟು ಮಾಡುವ ಬದಲು ದಂಡೆಯ ಗೇಜ್ ಪಟ್ಟಿ ನೋಡಿ, ಇಷ್ಟು ಎತ್ತರಕ್ಕೆ ಇಷ್ಟು ನೀರು ಎಂದು ಹೇಳಲಾಗದೇ? ಮಳೆಗಾಲದಲ್ಲಿ ಬಹುಮಟ್ಟಿಗೆ ಆಗುತ್ತದೆ. ಚಳಿಗಾಲದಲ್ಲಿ ಆ ನಂಬಿಕೆಯೇ ಮೋಸ. ಮಳೆ ಮುಗಿದ ಮೇಲೆ ಭೀಮೆಯ ಬಾಂದಾರಗಳಿಗೆ ಗೇಟು ಹಾಕುತ್ತಾರೆ. ನೀರು ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ಪಟ್ಟಿಯ ಮೇಲೆ ಮಟ್ಟ ಚೆನ್ನಾಗಿ ಕಾಣುತ್ತದೆ, ಹರಿವು ಮಾತ್ರ ಇರುವುದಿಲ್ಲ. ಪ್ರವಾಹ ಕೊಚ್ಚಿದಲ್ಲಿ, ಮರಳು ತೆಗೆದಲ್ಲಿ ತಳವೂ ಬದಲಾಗಿರುತ್ತದೆ. ಹಾಗಾಗಿ ಆಗಸ್ಟಿನ ಲೆಕ್ಕ ಜನವರಿಗೆ ಹೊಂದುವುದಿಲ್ಲ. ಮತ್ತೆ ನೀರಿಗಿಳಿದೇ ಅಳೆಯಬೇಕು.

ಡೋಣಿಯದು ಬೇರೆಯೇ ತೊಡಕು. ಎರೆಮಣ್ಣಿನ ಹೂಳು ತುಂಬಿದ ಈ ಸವುಳು ನೀರಿನ ನದಿ ಮಳೆಯಲ್ಲಿ ಹೊಲಕ್ಕೆ ನುಗ್ಗುತ್ತದೆ, ಚಳಿಯಲ್ಲಿ ಸೊರಗುತ್ತದೆ. ಅಷ್ಟು ಮಂದ ಹರಿವಿಗೆ ಬಟ್ಟಲುಗಳು ಸರಿಯಾಗಿ ತಿರುಗುವುದಿಲ್ಲ. ಅಂಥಲ್ಲಿ ತೇಲುವ ವಸ್ತು ಬಿಟ್ಟು, ಗೊತ್ತಾದ ದೂರ ದಾಟಲು ಹಿಡಿದ ಸಮಯ ನೋಡುವ ಹಳೆಯ ಉಪಾಯವಿದೆ. ಮೇಲ್ಮೈ ವೇಗ ಸರಾಸರಿಗಿಂತ ಹೆಚ್ಚಿರುವುದರಿಂದ ಅದನ್ನು ಸುಮಾರು 0.85ರಿಂದ ಗುಣಿಸುತ್ತಾರೆ.

ಬಸವನ ಬಾಗೇವಾಡಿ ಸೀಮೆಯಲ್ಲಿ ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನಲ್ಲಿ ಕ್ರಮವೇ ಬೇರೆ. 519.60 ಮೀಟರ್ ಮಟ್ಟಕ್ಕೆ 123.08 ಟಿಎಂಸಿ ಹಿಡಿಯುವ ಜಲಾಶಯದ ಒಳಹರಿವನ್ನು ಸಂಗ್ರಹದ ಏರಿಳಿತ, ಹೊರಹರಿವು, ಆವಿಯಾದ ನೀರು ಸೇರಿಸಿ ಲೆಕ್ಕ ಹಾಕುತ್ತಾರೆ. ಒಂದು ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಚಳಿಗಾಲದ ಒಳಹರಿವು ಇದಕ್ಕಿಂತ ಬಹಳ ಕಡಿಮೆ. ಅಷ್ಟು ವಿಶಾಲ ನೀರಿನ ಮೇಲೆ ಗಾಳಿಗೆ ಎದ್ದ ಅಲೆಯಿಂದ ಮಟ್ಟ ಒಂದು ಸೆಂಟಿಮೀಟರ್ ತಪ್ಪಿ ಓದಿದರೂ ಲೆಕ್ಕವೆಲ್ಲ ಏರುಪೇರು.

ಇಂಥ ದಿನದಿನದ ಅಂಕಿಗಳು ಕೂಡಿಯೇ, ಭೀಮೆ, ಡೋಣಿ ಸೇರುವ ಕೃಷ್ಣೆಯ ನೀರಿನಲ್ಲಿ ರಾಜ್ಯಗಳ ಪಾಲು ನಿರ್ಧಾರವಾಯಿತು. ಬಚಾವತ್ ನ್ಯಾಯಮಂಡಳಿ 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವು ನೋಡಿ, ಶೇ 75ರಷ್ಟು ಭರವಸೆಯಿಡಬಹುದಾದ ಕೃಷ್ಣಾ ನೀರು 2,060 ಟಿಎಂಸಿ ಎಂದಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 1961-62ರಿಂದ ಮುಂದಿನ 47 ವರ್ಷಗಳ ಲೆಕ್ಕ ಹಿಡಿಯಿತು.

ಬೇಸಿಗೆ ಮುಂದಿರುವಾಗ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಭೀಮೆಗೆ ನೀರು ಬಿಡಿ ಎಂಬ ಬೇಡಿಕೆ ಏಳುತ್ತದೆ. ಬಿಟ್ಟದ್ದರಲ್ಲಿ ಗಡಿ ದಾಟಿ ಬಂದದ್ದೆಷ್ಟು ಎಂದು ವಾದಿಸಲು ರೈತರ ಕೈಯಲ್ಲಿ ಅಂಕಿ ಬೇಕು. ಟಾಕಳಿ, ದೇವಣಗಾಂವದ ಚಳಿಗಾಲದ ಹರಿವನ್ನು, ಬಾಂದಾರಗಳಿಗೆ ಗೇಟು ಹಾಕಿದ ದಿನಾಂಕದ ಸಮೇತ, ದಂಡೆಯ ಪ್ರತಿ ಗ್ರಾಮ ಪಂಚಾಯಿತಿ ಫಲಕದ ಮೇಲೆ ವಾರಕ್ಕೊಮ್ಮೆ ಬರೆಸಬೇಕು. ಲಿಂಬೆ, ಕಬ್ಬಿಗೆ ಪಂಪ್ ಹೂಡುವವರು ಅದನ್ನು ಜನವರಿಯಲ್ಲೇ ಓದುವಂತಿರಬೇಕು.