ಹಿತ್ತಿಲ ಕೋಳಿ: ಯಾವ ತಳಿ, ಎಷ್ಟು ಬೆರಕೆ?



ನಮ್ಮ ಕಾಸರಗೋಡಿನ ತೋಟದ ಮನೆಗಳಲ್ಲಿ ಅಡಿಕೆ, ತೆಂಗಿನ ಹಣ ಹೆಚ್ಚಾಗಿ ಯಜಮಾನನ ಕೈ ಸೇರುತ್ತದೆ. ಮೊಟ್ಟೆಯ ಹಣ ಮಾತ್ರ ಮನೆಯೊಡತಿಯದು. ಮಕ್ಕಳ ಪುಸ್ತಕ, ಬಸ್ಸಿನ ಚಾರ್ಜು, ಜ್ವರದ ಮದ್ದು ಮುಂತಾದ ಸಣ್ಣಪುಟ್ಟ ಖರ್ಚುಗಳು ಅದರಿಂದಲೇ ನಡೆಯುತ್ತವೆ. ಆದುದರಿಂದ ಕೋಳಿಯ ತಳಿಯನ್ನು ಆರಿಸುವಲ್ಲಿ ತಪ್ಪಿದರೆ ಅದರ ನಷ್ಟ ಮೊದಲು ತಟ್ಟುವುದು ಅವಳಿಗೆ.

ಹಲವು ಮನೆಗಳಲ್ಲಿ ನಡೆಯುವುದು ಹೀಗೆ. ಸುಧಾರಿತ ತಳಿಯ ಇಪ್ಪತ್ತು ಮರಿಗಳನ್ನು ತಂದು ಸಾಕುತ್ತಾರೆ. ಅವು ದೊಡ್ಡ ದೊಡ್ಡ ಮೊಟ್ಟೆ ಇಡತೊಡಗುತ್ತವೆ. ಇನ್ನು ಈ ಸಣ್ಣ ಊರ ಕೋಳಿಗಳು ಯಾಕೆ ಎಂದು ಅವುಗಳನ್ನು ಒಂದೊಂದಾಗಿ ಮಾರುತ್ತಾರೆ, ಇಲ್ಲವೇ ಹಬ್ಬಕ್ಕೆ ಕೊಯ್ಯುತ್ತಾರೆ. ಎರಡನೇ ವರ್ಷ ಮೊಟ್ಟೆ ಕಡಿಮೆಯಾಗುತ್ತದೆ. ಮರಿ ಮಾಡಿಸೋಣ ಎಂದರೆ ಕಾವಿಗೆ ಕೂರುವ ಹೇಂಟೆ ಒಂದೂ ಉಳಿದಿಲ್ಲ! ಮೂರನೇ ವರ್ಷ ಗೂಡು ಖಾಲಿ.

ತಳಿಗಳ ಗುಣ

ಊರ ಹೇಂಟೆ ವರ್ಷಕ್ಕೆ ಸುಮಾರು 50ರಿಂದ 70 ಮೊಟ್ಟೆ ಮಾತ್ರ ಇಡುತ್ತದೆ. ಹತ್ತು ಹದಿನೈದು ಮೊಟ್ಟೆ ಇಟ್ಟೊಡನೆ ಅದಕ್ಕೆ ಕಾವು ಬರುತ್ತದೆ. 21 ದಿನ ಕೂತು ಮರಿ ಮಾಡಿ, ಅವನ್ನು ಮೇಯಿಸಿ, ಗಿಡುಗ ಬಂದರೆ ರೆಕ್ಕೆಯಡಿ ಅಡಗಿಸಿ ಕಾಪಾಡುತ್ತದೆ. ತರಗೆಲೆ ಕೆದಕಿ ಗೆದ್ದಲು ಹುಳು ತಿಂದು ಹೊಟ್ಟೆ ಹೊರೆಯುವುದರಿಂದ ಆಹಾರದ ಖರ್ಚು ಕಡಿಮೆ.

ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ತಳಿ. ಮಾಂಸಕ್ಕೂ ಮೊಟ್ಟೆಗೂ ಆಗುತ್ತದೆ. ವರ್ಷಕ್ಕೆ 130ರಿಂದ 150 ಮೊಟ್ಟೆ ಸಿಗುತ್ತದೆ. ಆದರೆ ಮೈ ಭಾರವಾದ್ದರಿಂದ ನಾಯಿ, ಕೀರಿ ಬಂದಾಗ ಹಾರಿ ತಪ್ಪಿಸಿಕೊಳ್ಳುವುದು ಕಷ್ಟ. ಹೈದರಾಬಾದಿನ ಕೋಳಿ ಸಂಶೋಧನಾ ಕೇಂದ್ರದ ವನರಾಜ ಸಹ ಇದೇ ಬಗೆಯದು. ಅಲ್ಲಿಯದೇ ಆದ ಗ್ರಾಮಪ್ರಿಯ ಮುಖ್ಯವಾಗಿ ಮೊಟ್ಟೆಗಾಗಿ.

ನಮ್ಮ ಕೇರಳದ ಮಣ್ಣುತ್ತಿಯಲ್ಲಿ ಆಸ್ಟ್ರಲಾರ್ಪ್ ಮತ್ತು ಬಿಳಿ ಲೆಗಾರ್ನ್ ಕೂಡಿಸಿ ಪಡೆದದ್ದು ಗ್ರಾಮಲಕ್ಷ್ಮಿ. ಹಗುರ ಮೈಯ ಈ ಕೋಳಿ ತಿನ್ನುವುದು ಕಡಿಮೆ, ಇಡುವ ಮೊಟ್ಟೆ ಊರ ಕೋಳಿಗಿಂತ ಎರಡು ಪಟ್ಟಿಗೂ ಹೆಚ್ಚು.

ಈ ಸುಧಾರಿತ ತಳಿಗಳಲ್ಲಿ ಕಾವಿನ ಗುಣ ಬಹುಮಟ್ಟಿಗೆ ಇಲ್ಲ. ಕಾವಿಗೆ ಕೂತಷ್ಟು ದಿನ ಮೊಟ್ಟೆ ನಿಲ್ಲುತ್ತದೆ. ಆದ್ದರಿಂದಲೇ ತಳಿ ಮಾಡುವವರು ಆ ಗುಣವನ್ನು ಬೇಕೆಂದೇ ತೆಗೆದಿದ್ದಾರೆ. ಹಾಗಾಗಿ ಯಾವ ತಳಿ ಒಳ್ಳೆಯದು ಎಂದು ಕೇಳುವ ಬದಲು, ಯಾವ ಕೆಲಸಕ್ಕೆ ಯಾವ ತಳಿ ಎಂದು ಕೇಳುವುದು ಸರಿ.

ಹತ್ತು ಕೋಳಿಯ ಲೆಕ್ಕ

ಹತ್ತು ಕೋಳಿ ಸಾಕುವ ಮನೆಗೆ ನಾಲ್ಕು ಊರ ಹೇಂಟೆ, ಐದು ಮೊಟ್ಟೆ ತಳಿಯ ಹೇಂಟೆ ಮತ್ತು ಒಂದು ಊರ ಹುಂಜ ಸಾಕು. ಮಾರುವ ಮೊಟ್ಟೆ ಆ ಐದರಿಂದ ಬರಲಿ, ಮರಿಗಳು ಈ ನಾಲ್ಕರಿಂದ ಬರಲಿ. ಗಿರಿರಾಜ ಹುಂಜ ನಾಲ್ಕು ಕಿಲೋ ದಾಟಿ ಬೆಳೆಯುತ್ತದೆ. ಅದನ್ನು ಒಂದೂಕಾಲು ಕಿಲೋದ ಊರ ಹೇಂಟೆಗಳ ಜೊತೆ ಬಿಟ್ಟರೆ ಹೇಂಟೆಯ ಬೆನ್ನಿನ ಪುಕ್ಕ ಕಿತ್ತು ಗಾಯವಾಗುತ್ತದೆ.

ಮೊಟ್ಟೆ ತಳಿಯ ಹೇಂಟೆಗೆ ಊರ ಹುಂಜ ಕೂಡಿ ಆದ ಮೊಟ್ಟೆಯನ್ನೂ ಊರ ಹೇಂಟೆಯಡಿ ಇಡಬಹುದು. ದೊಡ್ಡ ಮೊಟ್ಟೆಯಾದರೆ ಎಂಟು ಒಂಬತ್ತಕ್ಕಿಂತ ಹೆಚ್ಚು ಬೇಡ. ಹುಟ್ಟುವ ಹೇಂಟೆಗಳು ಸಾಮಾನ್ಯವಾಗಿ ಊರ ಕೋಳಿಗಿಂತ ಹೆಚ್ಚು ಮೊಟ್ಟೆ ಇಡುತ್ತವೆ. ಆದರೆ ಬೆರಕೆಯನ್ನು ಬೆರಕೆಗೇ ಕೂಡಿಸುತ್ತಾ ಹೋದರೆ ಒಂದು ಮರಿ ದೊಡ್ಡದು, ಒಂದು ಗಿಡ್ಡ, ಒಂದು ಕಾವಿಗೆ ಕೂರುತ್ತದೆ, ಇನ್ನೊಂದು ಅರ್ಧದಲ್ಲಿ ಎದ್ದು ಹೋಗುತ್ತದೆ. ಆದ್ದರಿಂದ ಬೆರಕೆ ಹುಂಜಗಳನ್ನು ಸಾರಿಗೆ ಬಳಸಿರಿ, ತಳಿಗೆ ಇಟ್ಟುಕೊಳ್ಳಬೇಡಿರಿ.

ಒಂದೇ ಹುಂಜ ತನ್ನ ಮಗಳು ಮೊಮ್ಮಗಳನ್ನೇ ಕೂಡುವಂತಾದರೆ ಮರಿಗಳು ದುರ್ಬಲವಾಗುತ್ತವೆ, ಮೊಟ್ಟೆ ಒಡೆಯದೆ ಕೊಳೆಯುತ್ತವೆ. ವರ್ಷಕ್ಕೊಮ್ಮೆ ಬೇರೆ ಊರಿನ ನೆಂಟರೊಡನೆ ಹುಂಜ ಬದಲಾಯಿಸಿಕೊಳ್ಳುವುದು ಸುಲಭದ ಉಪಾಯ. ಹಳೇ ಹುಂಜದ ಬೀಜ ಹೇಂಟೆಯ ಮೈಯಲ್ಲಿ ಎರಡು ವಾರದಷ್ಟು ಉಳಿಯುತ್ತದೆ. ಆದ್ದರಿಂದ ಹುಂಜ ಬದಲಾಯಿಸಿ ಮೂರು ವಾರದ ನಂತರದ ಮೊಟ್ಟೆಗಳನ್ನೇ ಕಾವಿಗೆ ಆರಿಸಿರಿ.

ಹೊಸ ಕೋಳಿ ತಂದಾಗ

ಹೊರಗಿನಿಂದ ತಂದ ಕೋಳಿಯನ್ನು ಮೂರು ವಾರ ಬೇರೆ ಗೂಡಿನಲ್ಲಿ ಇಟ್ಟು ನೋಡಬೇಕು. ಸೀನು, ಹಸಿರು ಭೇದಿ, ಕುತ್ತಿಗೆ ತಿರುಚುವುದು ಕಂಡರೆ ಒಳಗೆ ಸೇರಿಸಕೂಡದು. ಸೇರಿಸುವಾಗ ಕತ್ತಲಾದ ಮೇಲೆ ಗೂಡಿನಲ್ಲಿ ಕೂರಿಸಿದರೆ ಬೆಳಗ್ಗೆ ಕುಕ್ಕಾಟ ಕಡಿಮೆ. ಒಂಟಿ ಕೋಳಿಗಿಂತ ಎರಡು ಮೂರನ್ನು ಒಟ್ಟಿಗೆ ಬಿಡುವುದು ಮೇಲು. ಸಣ್ಣ ಮರಿಗಳನ್ನು ದೊಡ್ಡ ಕೋಳಿಗಳೊಂದಿಗೆ ಬಿಡಬಾರದು.

ಊರ ಕೋಳಿಗೆ ರೋಗ ಬಾರದು ಎಂಬುದು ತಪ್ಪು ತಿಳುವಳಿಕೆ. ಕೊಕ್ಕರೆ ರೋಗ ಬಂದರೆ ಅದೂ ಸಾಯುತ್ತದೆ. ಮರಿಗೆ ಒಂದು ವಾರದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿ ಲಸಿಕೆ, ಎಂಟು ವಾರದ ಹೊತ್ತಿಗೆ ಚುಚ್ಚುವ ಲಸಿಕೆ ಹಾಕಿಸತಕ್ಕದ್ದು. ಲಸಿಕೆಯ ಬಾಟಲಿಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲೇ ಮುಗಿಸಬೇಕು. ಹತ್ತು ಕೋಳಿಯ ಮನೆ ಒಂಟಿಯಾಗಿ ಇದನ್ನು ಮಾಡುವುದು ಕಷ್ಟ. ಒಂದು ವಾರ್ಡಿನ ಹತ್ತು ಮನೆಗಳು ಒಂದೇ ದಿನ ಗೊತ್ತುಮಾಡಿ, ಮೃಗಾಸ್ಪತ್ರೆಯಲ್ಲಿ ವಿಚಾರಿಸಿ, ಫ್ಲಾಸ್ಕಿನಲ್ಲಿ ಐಸು ಹಾಕಿ ತಂದರೆ ಎಲ್ಲರಿಗೂ ಸಾಕಾಗುತ್ತದೆ.

ಆರೋಗ್ಯದ ಮಾತು

ಮೊಟ್ಟೆಯ ಸಿಪ್ಪೆ ಕಂದೋ ಬಿಳಿಯೋ ಎಂಬುದು ತಳಿಯ ಗುಣ. ಅದರಿಂದ ಸತ್ವದಲ್ಲಿ ಹೆಚ್ಚು ಕಡಿಮೆ ಆಗುವುದಿಲ್ಲ. ಒಂದು ಮೊಟ್ಟೆಯಲ್ಲಿ 5ರಿಂದ 6 ಗ್ರಾಂ ಪ್ರೋಟೀನು ಇದೆ. ಎಲ್ಲವನ್ನೂ ಮಾರಿ ಮಕ್ಕಳಿಗೆ ಬರೀ ಗಂಜಿ ಚಟ್ನಿ ಬಡಿಸುವುದು ಯಾವ ಲಾಭ? ಬೆಳೆಯುವ ಮಕ್ಕಳ, ಬಸುರಿ ಬಾಣಂತಿಯರ ಪಾಲನ್ನು ತೆಗೆದಿಟ್ಟು ಉಳಿದದ್ದನ್ನು ಮಾರಿರಿ. ಮೊಟ್ಟೆ ಇಡುವ ಕೋಳಿಗೆ ಮರುವಾಯಿ ಚಿಪ್ಪನ್ನು ಕುಟ್ಟಿ ಹಾಕಿದರೆ ಸಿಪ್ಪೆ ಗಟ್ಟಿಯಾಗುತ್ತದೆ. ಮರಿಗಳಿಗೆ ಅದು ಬೇಡ. ಗೂಡು ಗುಡಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ರೋಗದಿಂದ ಸತ್ತ ಕೋಳಿಯನ್ನು ತಿನ್ನಬೇಡಿರಿ, ತೋಡಿಗೆ ಎಸೆಯಬೇಡಿರಿ. ಬರಿಗೈಯಿಂದ ಮುಟ್ಟದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಒಮ್ಮೆಲೇ ಹಲವು ಸತ್ತರೆ ಪಶುವೈದ್ಯರಿಗೆ ತಿಳಿಸಿರಿ.

ಹೊಸ ತಳಿಯನ್ನು ಧಾರಾಳವಾಗಿ ತನ್ನಿರಿ. ಆದರೆ ಬುಟ್ಟಿಯಲ್ಲಿ ಕಾವಿಗೆ ಕೂತಿರುವ ಆ ಸಣ್ಣ ಹೇಂಟೆಯನ್ನು ಮಾತ್ರ ಮಾರಬೇಡಿರಿ. ಮುಂದಿನ ವರ್ಷದ ಕೋಳಿಗಳೆಲ್ಲ ಅದರ ರೆಕ್ಕೆಯಡಿ ಇವೆ.