ರಜಾ ವಿಹಾರ: ನಡುಗಡ್ಡೆಯೂ ಬಯಲುಸೀಮೆಯೂ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ನಿವಾಸಿಗಳಲ್ಲಿ ರಜಾದಿನಗಳನ್ನು ಊರ ಹೊರಗೆ ಕಳೆಯುವ ಅಭ್ಯಾಸವು ಬಲವಾಗಿದೆ. ಯಾವ ಸೀಮೆಗೆ ಹೋದರೆ ಯಾವ ಬಗೆಯ ಸೊಗಸುಂಟು, ಹೋದವರಿಂದ ಅಲ್ಲಿಯ ರೈತನಿಗೆ ಏನು ಫಲ ಎಂಬುದನ್ನು ಸಂಕ್ಷೇಪವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ನಡುಗಡ್ಡೆಗಳು: ದ್ವೀಪವನ್ನು ಕಾಣಲು ಸಮುದ್ರವನ್ನೇ ದಾಟಬೇಕೆಂಬುದಿಲ್ಲ. ಕಾವೇರಿಯು ಕವಲೊಡೆದು ಮತ್ತೆ ಕೂಡುವುದರಿಂದ ಶ್ರೀರಂಗಪಟ್ಟಣವೂ ಶಿವನಸಮುದ್ರವೂ ನಡುಗಡ್ಡೆಗಳಾಗಿವೆ. ಮೊದಲನೆಯದರಲ್ಲಿ ರಂಗನಾಥಸ್ವಾಮಿಯ ದೇವಾಲಯವೂ ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಕೋಟೆಯೂ ಉಂಟು. ಸುತ್ತಲೂ ಕಬ್ಬು, ಬತ್ತದ ಹಸುರು. ಸಮೀಪದ ರಂಗನತಿಟ್ಟು ೧೯೪೦ರಲ್ಲಿ ಪಕ್ಷಿಧಾಮವಾಯಿತು. ಗೂಡು ಕಟ್ಟುವ ಕಾಲದಲ್ಲಿ ಅಲ್ಲಿ ಗದ್ದಲ ಸಲ್ಲದು. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿಗಳನ್ನು ಮಳೆಗಾಲದ ತುಂಬು ಹೊಳೆಯಲ್ಲಿಯೇ ನೋಡಬೇಕು. ಇಲ್ಲಿಯ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಮುಟ್ಟಿತು.

ಬಯಲುಸೀಮೆ: ನಂದಿಬೆಟ್ಟಕ್ಕೆ ಹೋಗುವವರು ಸೂರ್ಯೋದಯವನ್ನು ನೋಡಿ ಹಿಂದಿರುಗುವುದೇ ವಾಡಿಕೆ. ಬೆಟ್ಟದ ಬುಡದಲ್ಲಿ ದ್ರಾಕ್ಷಿಯ ಚಪ್ಪರಗಳುಂಟು. ದಾರಿಯಲ್ಲಿ ದೇವನಹಳ್ಳಿಯ ಹೆಸರಾದ ಚಕ್ಕೋತವುಂಟು. ಮಾಗಿಯಲ್ಲಿ ರಾಗಿಯ ಕಣವೂ ಸೊಗಡವರೆಯ ಹೊಲವೂ ಕೊಡುವ ಆನಂದವನ್ನು ಅನೇಕರು ಅರಿಯರು. ಜಲಪಾತವು ಕಣ್ಣಿಗೆ ಹಬ್ಬವಾದರೆ, ಹೊಲವು ತಾವು ಉಣ್ಣುವ ಅನ್ನವು ಎಲ್ಲಿಂದ ಬಂತೆಂಬುದನ್ನು ಮಕ್ಕಳಿಗೆ ತಿಳಿಸುತ್ತದೆ.

ನೀರಿನ ಸಂಬಂಧ: ನಂದಿಯಲ್ಲಿ ಅರ್ಕಾವತಿಯು ಹುಟ್ಟುತ್ತದೆ, ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ವೃಷಭಾವತಿಯು ಹುಟ್ಟುತ್ತದೆ. ವೃಷಭಾವತಿಯು ಅರ್ಕಾವತಿಯನ್ನೂ, ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ. ಆದುದರಿಂದ ಪಟ್ಟಣಿಗನು ಮನೆಯ ಮೋರಿಗೆ ಬಿಟ್ಟ ಕಲ್ಮಷವು, ಅವನು ವಿಹಾರಕ್ಕೆ ಹೋಗುವ ನದಿಯನ್ನೇ ಮುಟ್ಟುತ್ತದೆ. ನಡುವೆ ಬೈರಮಂಗಲದ ಕೆರೆಯ ಕೆಳಗಿನ ರೈತರು ಆ ನೀರನ್ನೇ ಹೊಲಗಳಿಗೆ ಹಾಯಿಸಿದ್ದಾರೆ. ಇದು ನೋಟದ ಮಾತಲ್ಲ, ಬದುಕಿನ ಮಾತು.

ವಿಹಾರಿಗಳಿಗೆ ಸೂಚನೆ: ಬದುವಿನ ಮೇಲೆ ನಡೆಯಿರಿ, ಪೈರನ್ನು ತುಳಿಯಬೇಡಿ. ಹೊಲದಲ್ಲಿ ಎಸೆದ ಸೀಸೆಯ ಚೂರು ಉಳುವವನ ಕಾಲನ್ನೂ ಎತ್ತಿನ ಗೊರಸನ್ನೂ ಸೀಳುತ್ತದೆ. ಪ್ಲಾಸ್ಟಿಕ್ ಚೀಲವು ಮೇಯುವ ಹಸುವಿನ ಹೊಟ್ಟೆಯನ್ನು ಸೇರಿ ಪ್ರಾಣಕ್ಕೇ ಎರವಾಗುತ್ತದೆ. ಹಣ್ಣು, ಕಾಯಿಗಳನ್ನು ಬೆಳೆದವನಿಂದಲೇ ಕೊಳ್ಳಿರಿ.

ರೈತರಿಗೆ ಸೂಚನೆ: ರಸ್ತೆಯ ಬದಿಯ ತೋಟದವರು ಹಣ್ಣನ್ನು ದರ್ಜೆವಾರು ವಿಂಗಡಿಸಿ, ಬೆಲೆಯನ್ನು ಹಲಗೆಯ ಮೇಲೆ ಬರೆದಿಡಬೇಕು. ಶುದ್ಧವಾದ ಕುಡಿಯುವ ನೀರು, ನೆರಳು, ಚೊಕ್ಕಟವಾದ ಶೌಚಗೃಹ, ಮನೆಯ ರಾಗಿಮುದ್ದೆ, ಅವರೆಕಾಳಿನ ಸಾರು ಇಷ್ಟಿದ್ದರೆ ಬಂದವರು ಮತ್ತೆ ಬರುವರು. ಆದರೆ ಔಷಧಿ ಸಿಂಪಡಿಸಿದ ತೋಟಕ್ಕೆ ಅವಧಿ ಮುಗಿಯುವವರೆಗೆ ಯಾರನ್ನೂ ಬಿಡತಕ್ಕದ್ದಲ್ಲ. ಬೇಸಾಯವು ಚೆನ್ನಾಗಿದ್ದರೆ ಮಾತ್ರ ನೋಡತಕ್ಕ ನಾಡು ಉಳಿಯುವುದೆಂಬುದನ್ನು ಇಬ್ಬರೂ ಮರೆಯಬಾರದು.